ಕಂಬಳಿ ಬೇಕೋ, ಗೊರಬು ಬೇಕೋ?
(ಗಾಜಿನ ಮನೆಯ ಸ್ಟ್ರಾಬೆರಿಯೂ ನಮ್ಮ ಮಳೆಗಾಲದ ತರಕಾರಿಯೂ)

‘ಕಾಲಕ್ಕೆ ತಕ್ಕ ಕೋಲ’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬೇಸಾಯಗಾರನ ಮಟ್ಟಿಗೆ ಈ ಮಾತಿಗೆ ಇನ್ನೊಂದು ಮುಖವೂ ಉಂಟು. ಕಾಲಕ್ಕೆ ತಕ್ಕ ಬೆಳೆ ಎಲ್ಲರ ಮನೆಯಲ್ಲೂ ಇರುವಾಗ ಅದಕ್ಕೆ ಕ್ರಯವಿಲ್ಲ. ಕಾಲ ತಪ್ಪಿಸಿ ಬೆಳೆದವನಿಗೆ ಮಾತ್ರ ಪೇಟೆಯಲ್ಲಿ ಮರ್ಯಾದೆ. ಸುಗ್ಗಿಯಲ್ಲಿ ಕೇಳುವವರಿಲ್ಲದ ಅಲಸಂಡೆಯನ್ನು ಆಟಿ ತಿಂಗಳಲ್ಲಿ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಕೊಳ್ಳಹೋದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಗಾಜಿನ ಮನೆಯೊಳಗೆ ಕೆಂಪಗೆ ತೂಗುವ ಸ್ಟ್ರಾಬೆರಿ ಹಣ್ಣಿನ ಚಿತ್ರಗಳನ್ನು ಈಗ ಹಳ್ಳಿಯ ಹುಡುಗರೂ ಕೈಯಲ್ಲಿ ಹಿಡಿದ ಫೋನಿನಲ್ಲಿ ನೋಡುತ್ತಾರೆ. ‘ಅಲ್ಲಿ ಚಳಿಗಾಲದಲ್ಲಿ ಹಣ್ಣು ಬೆಳೆಯುವುದಾದರೆ, ನಮ್ಮ ಬೆಟ್ಟು ಗದ್ದೆಯಲ್ಲಿ ಅಂಥ ಮನೆ ಕಟ್ಟಿ ನಾವೂ ಏಕೆ ಬೆಳೆಯಬಾರದು?’ ಎಂದು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಇಂಥ ಮನೆಗೆ ಲಕ್ಷಗಟ್ಟಲೆ ಹಣ ಬೇಕು. ಹಣಕ್ಕೆ ಸಾಲ ಬೇಕು. ಸಾಲಕ್ಕೆ ತೋಟದ ಪತ್ರ ಇಡಬೇಕು. ಆದುದರಿಂದ ಉತ್ತರವನ್ನು ಕೊಂಚ ನಿಧಾನವಾಗಿ ಹುಡುಕುವುದು ಒಳ್ಳೆಯದು.

ಉತ್ತರದ ತಿರುಳು ಇಷ್ಟೆ. ಚಳಿನಾಡಿನ ಗಾಜಿನ ಮನೆ ಗಿಡಕ್ಕೆ ಹೊದೆಸಿದ ಕಂಬಳಿ. ನಮ್ಮ ಗಿಡಕ್ಕೆ ಬೇಕಾದುದು ಕಂಬಳಿಯಲ್ಲ, ಗೊರಬು. ನೇಜಿ ನೆಡುವ ಹೆಂಗಸರು ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದ ಗೊರಬು ಮಳೆಯನ್ನು ತಡೆಯುತ್ತದೆ, ಆದರೆ ಮೈಯನ್ನು ಬೇಯಿಸುವುದಿಲ್ಲ; ಎಲ್ಲ ಕಡೆಯಿಂದ ಗಾಳಿ ಆಡುತ್ತದೆ. ಈ ಒಂದು ಭೇದವನ್ನು ತಿಳಿದುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಸ್ಟ್ರಾಬೆರಿ ಎಂಬ ಗಿಡ

ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ. ಸ್ಟ್ರಾಬೆರಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಸಣ್ಣ ಗಿಡ. ಒಂದೆಲಗದಂತೆ ಬಳ್ಳಿ ಚಾಚಿ, ಗಂಟು ಗಂಟಿನಲ್ಲಿ ಬೇರು ಬಿಟ್ಟು ಮರಿ ಮಾಡುತ್ತದೆ. ಇದರ ಹಣ್ಣಿನಲ್ಲಿ ಒಂದು ಸೋಜಿಗ ಉಂಟು. ನಾವು ತಿನ್ನುವ ಕೆಂಪು ಭಾಗ ನಿಜವಾದ ಹಣ್ಣಲ್ಲ. ಅದು ಹೂವಿನ ಪೀಠ ಊದಿಕೊಂಡು ಆದದ್ದು. ಮೇಲೆ ಎಳ್ಳಿನಂತೆ ಅಂಟಿಕೊಂಡಿರುವ ಕಾಳುಗಳೇ ನಿಜವಾದ ಕಾಯಿಗಳು. ಗೇರುಹಣ್ಣನ್ನು ಬಲ್ಲ ನಮಗೆ ಇದು ಹೊಸತೇನಲ್ಲ. ಅಲ್ಲಿಯೂ ಬೀಜವೆಂದು ನಾವು ಕರೆಯುವುದೇ ಕಾಯಿ. ರಸ ತುಂಬಿದ ಹಣ್ಣು ಅದರ ಊದಿದ ತೊಟ್ಟು.

ಇಂದು ಪೇಟೆಗೆ ಬರುವ ದೊಡ್ಡ ಸ್ಟ್ರಾಬೆರಿ ಕಾಡಿನಲ್ಲಿ ಹುಟ್ಟಿದ್ದಲ್ಲ. ೧೭೧೪ರಲ್ಲಿ ಫ್ರೆಜಿಯೇ ಎಂಬ ಫ್ರೆಂಚ್ ಅಧಿಕಾರಿ ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ದೊಡ್ಡ ಹಣ್ಣಿನ ಜಾತಿಯೊಂದನ್ನು ತಂದನು. ಅದು ಉತ್ತರ ಅಮೆರಿಕದ ಇನ್ನೊಂದು ಜಾತಿಯೊಡನೆ ಯುರೋಪಿನ ತೋಟಗಳಲ್ಲಿ ಬೆರೆತು ಈಗಿನ ತಳಿಗಳ ಮೂಲವಾಯಿತು.

ಈ ಗಿಡ ಹೂಮೊಗ್ಗು ಕಟ್ಟುವ ರೀತಿಯೇ ನಮಗೆ ಮುಖ್ಯ. ಗಿಡಗಳು ಹಗಲಿನ ಉದ್ದವನ್ನು ನೋಡಿಕೊಂಡು ಹೂ ಬಿಡುತ್ತವೆ ಎಂಬುದನ್ನು ಗಾರ್ನರ್, ಅಲಾರ್ಡ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ೧೯೨೦ರಲ್ಲಿ ಪ್ರಕಟಿಸಿದರು. ಸಾಮಾನ್ಯ ಸ್ಟ್ರಾಬೆರಿ ಹಗಲು ಕುಗ್ಗಿ ಚಳಿ ಹತ್ತುವಾಗ ಮೊಗ್ಗು ಕಟ್ಟುತ್ತದೆ. ಅದಕ್ಕೆ ೧೫ರಿಂದ ೧೮ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಹಿತ. ಉಷ್ಣತೆ ಸದಾ ೨೫ ಡಿಗ್ರಿ ದಾಟಿದರೆ ಹೂವು ಹಿಂಜರಿದು ಬರಿಯ ಎಲೆ, ಬಳ್ಳಿ ಹೆಚ್ಚುತ್ತವೆ. ಚಳಿಗಾಲವೆಲ್ಲ ನಿದ್ರಿಸಿ, ಮುಂದೆ ಬಿಸಿಲು ಬಂದಾಗ ಹೂ ಬಿಟ್ಟು, ಜೂನ್ ಹೊತ್ತಿಗೆ ಹಣ್ಣು ಕೊಡುವುದು ಯುರೋಪಿನಲ್ಲಿ ಅದರ ಸಹಜ ಕಾಲ.

ಹಾಲೆಂಡ್, ಬೆಲ್ಜಿಯಂ ದೇಶದವರು ಈ ಕ್ರಮವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಮೊಗ್ಗು ಕಟ್ಟಿದ ಸಸಿಗಳನ್ನು ಕಿತ್ತು ಸೊನ್ನೆ ಡಿಗ್ರಿಗೂ ಸ್ವಲ್ಪ ಕೆಳಗಿನ ಶೀತದ ಕೋಣೆಯಲ್ಲಿ ಮಲಗಿಸಿಡುತ್ತಾರೆ. ಹಣ್ಣು ಬೇಕೆಂಬ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊರತೆಗೆದು ಗಾಜಿನ ಮನೆಯಲ್ಲಿ ನೆಡುತ್ತಾರೆ. ಬೇಕಾದಷ್ಟು ಶಾಖ, ಬೇಕಾದಷ್ಟು ದೀಪದ ಬೆಳಕು ಕೊಡುತ್ತಾರೆ. ಜಪಾನಿನಲ್ಲಿ ಪ್ಲಾಸ್ಟಿಕ್ ಮನೆಗಳು ಬಂದ ಮೇಲೆ ಚಳಿಗಾಲವೇ ಸ್ಟ್ರಾಬೆರಿಯ ಮುಖ್ಯ ಕಾಲವಾಗಿಬಿಟ್ಟಿದೆ. ಅದಕ್ಕೂ ಮೊದಲು ಅಲ್ಲಿಯ ಶಿಝುವೊಕಾ ಪ್ರಾಂತದ ರೈತರು ದಕ್ಷಿಣಕ್ಕೆ ಮುಖಮಾಡಿದ ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಕಟ್ಟಗಳನ್ನು ಕಟ್ಟಿ, ಸಂದಿಯಲ್ಲಿ ಸಸಿ ನೆಡುತ್ತಿದ್ದರು. ಹಗಲು ಕಾದ ಕಲ್ಲು ರಾತ್ರಿ ಗಿಡಕ್ಕೆ ಬಿಸಿ ಕೊಡುತ್ತಿತ್ತು.

ಇವರೆಲ್ಲರಿಗೂ ತಂಪು ಪುಕ್ಕಟೆ ಸಿಗುತ್ತದೆ. ಬಿಸಿಯನ್ನು ಮಾತ್ರ ಅವರು ಕೂಡಿಡಬೇಕು. ಇದನ್ನು ನೆನಪಿನಲ್ಲಿಡಿ.

ಗಾಜಿನ ಮನೆ ಏಕೆ ಬೆಚ್ಚಗಿರುತ್ತದೆ?

ಮಾಡು ಹಾಕಿ ಕಾಲ ತಪ್ಪಿಸುವ ವಿದ್ಯೆ ಬಲು ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಚಕ್ರವರ್ತಿ ಟೈಬೀರಿಯಸನಿಗೆ ದಿನವೂ ಊಟಕ್ಕೆ ಸೌತೆಯ ಜಾತಿಯ ಕಾಯಿ ಬೇಕಾಗಿತ್ತಂತೆ. ಅವನ ತೋಟದವರು ಗಾಲಿಯ ಮೇಲಿಟ್ಟ ಪಾತಿಗಳನ್ನು ಬಿಸಿಲಿಗೆ ತಳ್ಳಿ, ಚಳಿ ದಿನಗಳಲ್ಲಿ ಬೆಳಕು ಹಾಯುವ ಕಲ್ಲಿನ ಹಲಗೆಗಳ ಮರೆಗೆ ಸರಿಸುತ್ತಿದ್ದರು ಎಂದು ಪ್ಲಿನಿ ಎಂಬ ಗ್ರಂಥಕಾರ ಬರೆದಿಟ್ಟಿದ್ದಾನೆ. ನಮ್ಮಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡಿದವರು ಬಹಳ ಮಂದಿ. ೧೮೮೯ರಲ್ಲಿ ಅಡಿಗಲ್ಲು ಬಿದ್ದ ಆ ಮನೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯದು. ಫಲಪುಷ್ಪ ಪ್ರದರ್ಶನಕ್ಕೆ ಅದು ಹೆಸರಾಗಿದೆ, ಹೊಟ್ಟೆಪಾಡಿನ ಬೆಳೆಗಲ್ಲ.

ಸೂರ್ಯನ ಬೆಳಕು ಗಾಜನ್ನು ದಾಟಿ ಒಳಬಂದು ಮಣ್ಣನ್ನೂ ಗಿಡವನ್ನೂ ಕಾಯಿಸುತ್ತದೆ. ಕಾದ ಮಣ್ಣು ತನಗೆ ತಾಗಿದ ಗಾಳಿಯನ್ನು ಬಿಸಿ ಮಾಡುತ್ತದೆ. ಬಯಲಾಗಿದ್ದರೆ ಆ ಬಿಸಿ ಗಾಳಿ ಮೇಲೇರಿ ಹೋಗಿ ತಂಪು ಗಾಳಿ ಬರುತ್ತಿತ್ತು. ಮನೆ ಮುಚ್ಚಿರುವುದರಿಂದ ಹೋಗಲು ದಾರಿಯಿಲ್ಲ. ಬಿಸಿ ಒಳಗೇ ಸೇರಿಕೊಳ್ಳುತ್ತದೆ. ಕಾದ ನೆಲ ಹೊರಸೂಸುವ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಗಾಜು ತಡೆಯುವುದೂ ಇದಕ್ಕೆ ಒಂದಿಷ್ಟು ಸಹಾಯಕ. ಆದರೆ ೧೯೦೯ರಲ್ಲಿ ಆರ್. ಡಬ್ಲ್ಯು. ವುಡ್ ಎಂಬ ಅಮೆರಿಕದ ಭೌತವಿಜ್ಞಾನಿ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಆ ಕಿರಣಗಳನ್ನು ಹೊರಬಿಡುವ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿಗಿಟ್ಟು ನೋಡಿದನು. ಎರಡೂ ಹೆಚ್ಚುಕಡಮೆ ಒಂದೇ ರೀತಿ ಕಾದವು. ಎಂದರೆ ಬಿಸಿಯನ್ನು ಮುಖ್ಯವಾಗಿ ಹಿಡಿದಿಡುವುದು ಗಾಳಿಯಾಡದಂತೆ ಮುಚ್ಚಿದ ಮನೆ, ಮಾಡು ಯಾವುದರಿಂದ ಮಾಡಿದ್ದು ಎಂಬುದಲ್ಲ ಎಂದಾಯಿತು.

ಈ ಪಾಠಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಅಡಿಕೆ ಒಣಗಿಸಲು ಅಂಗಳಕ್ಕೆ ಪ್ಲಾಸ್ಟಿಕ್ ಹಾಳೆಯ ಗೂಡು ಕಟ್ಟಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ನಾಲ್ಕೂ ಬದಿ ಇಳಿಬಿಟ್ಟ ಆ ಗೂಡಿನೊಳಗೆ ನಡುಹಗಲಿನಲ್ಲಿ ಅಡಿಕೆ ಹರವಲು ಹೊಕ್ಕವರು ಎಷ್ಟು ಹೊತ್ತು ನಿಲ್ಲಬಲ್ಲರು? ಮುಚ್ಚಿದ ಗಾಜಿನ ಮನೆ ಎಂದರೆ ಅದೇ. ಅಡಿಕೆ ಒಣಗಲು ಅದು ತಕ್ಕ ಸ್ಥಳ. ಎಳೆಯ ಗಿಡ ಬದುಕಲು ಅಲ್ಲ.

ಅದೇ ಮನೆಯನ್ನು ನಮ್ಮಲ್ಲಿ ಕಟ್ಟಿದರೆ?

ನಮ್ಮ ಕಾಸರಗೋಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿದೆ. ವರ್ಷದಲ್ಲಿ ಅತಿ ದೀರ್ಘವಾದ ಹಗಲೂ ಹದಿಮೂರು ಗಂಟೆಯನ್ನು ಮೀರುವುದಿಲ್ಲ. ಆದ್ದರಿಂದ ಸ್ಟ್ರಾಬೆರಿಗೆ ನಮ್ಮ ಹಗಲು ಅಡ್ಡಿಯಲ್ಲ, ಅಡ್ಡಿಯಾಗುವುದು ಸೆಕೆ. ಧನು-ಮಕರ ತಿಂಗಳ ರಾತ್ರಿಗಳಲ್ಲೂ ಕರಾವಳಿಯಲ್ಲಿ ಉಷ್ಣತೆ ೨೦ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಗಲು ಮೂವತ್ತು ದಾಟುತ್ತದೆ. ಇಂಥಲ್ಲಿ ಗಾಜಿನ ಮನೆ ಕಟ್ಟಿದರೆ ಇರುವ ಸೆಕೆಗೆ ಇನ್ನಷ್ಟು ಸೆಕೆ ಸೇರಿಸಿದಂತಾಯಿತು.

‘ನೀರು ಇಳಿಯುವ ಪರದೆ, ಬೀಸಣಿಗೆ ಹಾಕಿ ತಂಪು ಮಾಡಬಹುದಲ್ಲ?’ ಎಂದು ಮಾರುವವರು ಹೇಳುತ್ತಾರೆ. ನೀರು ಆವಿಯಾಗುವಾಗ ತಂಪಾಗುವುದು ನಿಜ. ಒಣಹವೆಯ ನಾಡುಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗದ ನಮ್ಮ ಮಳೆಗಾಲದ ಗಾಳಿಯಲ್ಲಿ ನೀರು ಆವಿಯಾಗುವುದಾದರೂ ಹೇಗೆ? ಬೇಸಗೆಯಲ್ಲೂ ಕಡಲ ಗಾಳಿ ತೇವದಿಂದ ಕೂಡಿದೆ. ವಿದ್ಯುತ್ತಿನ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.

ನಮ್ಮ ದೇಶದಲ್ಲಿ ಸ್ಟ್ರಾಬೆರಿ ಹೆಸರಾಗಿರುವುದು ಮಹಾರಾಷ್ಟ್ರದ ಮಹಾಬಳೇಶ್ವರ, ಪಂಚಗಣಿಗಳಲ್ಲಿ. ಅದು ಕಡಲ ಮಟ್ಟದಿಂದ ೧೩೦೦ ಮೀಟರಿಗೂ ಎತ್ತರದ ಮಲೆ. ಮಳೆ ಕಡಮೆಯಾಗುತ್ತಿರುವಾಗ ನೆಟ್ಟು, ಚಳಿಗಾಲದಿಂದ ಬೇಸಗೆಯ ಮೊದಲ ಭಾಗದ ತನಕ ಹಣ್ಣು ಕೊಯ್ಯುತ್ತಾರೆ. ೨೦೧೦ರಲ್ಲಿ ಅಲ್ಲಿಯ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ನಮ್ಮ ಕೇರಳದಲ್ಲೂ ಇಡುಕ್ಕಿ ಜಿಲ್ಲೆಯ ಮೂನ್ನಾರು, ವಟ್ಟವಡಗಳಂಥ ಎತ್ತರದ ಊರುಗಳಲ್ಲಿ ಬೆಳೆಯುತ್ತಾರೆ. ಅವರಿಗೆ ತಂಪನ್ನು ಕೊಟ್ಟದ್ದು ಬೆಟ್ಟ, ಗಾಜಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಬೆಟ್ಟದ ಊರಿನಿಂದ ತಂದ ಕುಂಡದ ಸಸಿ ನಮ್ಮ ಜಗಲಿಯಲ್ಲೂ ನಾಲ್ಕು ಹಣ್ಣು ಕೊಡಬಹುದು. ಅದನ್ನು ನೋಡಿ ‘ಇಲ್ಲೂ ಆಗುತ್ತದೆ’ ಎಂದು ಎಕರೆಗೆ ಲೆಕ್ಕ ಹಾಕಬೇಡಿ. ಆ ಮೊಗ್ಗು ಬೆಟ್ಟದ ಚಳಿಯಲ್ಲಿ ಕಟ್ಟಿದ್ದು. ಗಿಡ ತವರಿನಿಂದ ತಂದ ಬುತ್ತಿ. ಬುತ್ತಿ ತೀರಿದ ಮೇಲೆ ಮೊಗ್ಗಿಗೆ ಬದಲು ಬಳ್ಳಿ ಬರುತ್ತದೆ. ಮಕ್ಕಳ ಸಂತೋಷಕ್ಕೆ ಎರಡು ಕುಂಡ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ನಮ್ಮ ಅಕಾಲ ಯಾವುದು?

ಚಳಿನಾಡಿನವರ ಅಕಾಲ ಹಿಮ. ನಮ್ಮ ಅಕಾಲ ಮಳೆ. ವರ್ಷಕ್ಕೆ ಸುಮಾರು ೩೫೦೦ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ನಮ್ಮ ಅಜ್ಜಿಯಂದಿರು ಇದನ್ನು ಬಲ್ಲವರಾಗಿ ಸುಗ್ಗಿಯ ಸೌತೆಕಾಯಿಯನ್ನು ಬಾಳೆಯ ಹಗ್ಗದಲ್ಲಿ ಕಟ್ಟಿ ಅಟ್ಟಕ್ಕೆ ತೂಗಿಸುತ್ತಿದ್ದರು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಆಟಿಯಲ್ಲಿ ಕೆಸುವಿನೆಲೆಯ ಪತ್ರೊಡೆ, ತಗತೆ ಸೊಪ್ಪು, ಕಣಿಲೆ, ಹಲಸಿನ ಬೀಜ ಇವುಗಳಿಂದ ದಿನ ಕಳೆಯುತ್ತಿದ್ದರು. ಇಂದು ಆ ಜಾಗಕ್ಕೆ ಘಟ್ಟದಾಚೆಯಿಂದ ಲಾರಿಯಲ್ಲಿ ಬಂದ ತರಕಾರಿ ಬಂದಿದೆ.

ಮಳೆಗಾಲದಲ್ಲಿ ಬಯಲಿನ ತರಕಾರಿ ಏಕೆ ಕೆಡುತ್ತದೆ? ಕಾರಣಗಳನ್ನು ಒಂದೊಂದಾಗಿ ನೋಡೋಣ. ಬಿರುಸಿನ ಹನಿ ನೆಲಕ್ಕೆ ಬಡಿದು ಮಣ್ಣನ್ನು ಎಲೆಗೆ ಚಿಮ್ಮಿಸುತ್ತದೆ. ಮಣ್ಣಿನೊಡನೆ ಶಿಲೀಂಧ್ರದ ಬೀಜಕಣಗಳೂ ಹಾರುತ್ತವೆ. ಎಲೆ ಸದಾ ಒದ್ದೆಯಾಗಿರುವುದರಿಂದ ಅವು ಸುಲಭವಾಗಿ ಮೊಳೆಯುತ್ತವೆ. ಕೆಂಪು ಹರಿವೆಯ ಎಲೆಯಲ್ಲಿ ಬಿಳಿ ಮಚ್ಚೆಗಳು ತುಂಬುವುದು ಹೀಗೆಯೇ. ಹೂವಿನ ಪರಾಗ ತೊಳೆದುಹೋಗುತ್ತದೆ; ಜೇನುನೊಣ ಹೊರಡುವುದಿಲ್ಲ. ಬೇರು ನೀರಿನಲ್ಲಿ ನಿಂತು ಉಸಿರುಕಟ್ಟುತ್ತದೆ. ಹಾಕಿದ ಗೊಬ್ಬರದ ಸಾರ ಕಣಿಯಲ್ಲಿ ಹರಿದು ಹೊಳೆ ಸೇರುತ್ತದೆ.

ಇವೆಲ್ಲವುಗಳಿಗೂ ಮೂಲ ಒಂದೇ: ಗಿಡದ ತಲೆಯ ಮೇಲೆ ಬೀಳುವ ನೀರು. ಹಾಗಾದರೆ ತಲೆಯ ಮೇಲೆ ಮರೆ ಕಟ್ಟಿದರೆ ಸಾಕು, ಸುತ್ತ ಗೋಡೆ ಬೇಡ. ಮಲೆನಾಡಿನ ಅಡಿಕೆ ಬೆಳೆಗಾರರು ಈ ತತ್ವವನ್ನು ಹಿಂದೆಯೇ ಕಂಡುಕೊಂಡಿದ್ದರು. ನಾವು ಮಹಾಳಿ ಎನ್ನುವ ಕೊಳೆರೋಗದಿಂದ ಗೊನೆಯನ್ನು ಉಳಿಸಲು ಅವರು ಕೊಟ್ಟೆ ಕಟ್ಟುತ್ತಿದ್ದರು. ಎಂದರೆ ಗೊನೆಗೆ ನೀರು ತಾಗದಂತೆ ಮರೆ ಮಾಡುತ್ತಿದ್ದರು. ಆ ರೋಗವನ್ನು ಅಭ್ಯಸಿಸಿದ ಡಾಕ್ಟರ್ ಕೋಲ್‌ಮನ್ ೧೯೧೦ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಬೋರ್ಡೋ ದ್ರಾವಣವನ್ನು ಬಳಕೆಗೆ ತರುವ ಮೊದಲು ಗೊನೆಗೆ ಆ ಗೊರಬೇ ದಿಕ್ಕಾಗಿತ್ತು.

ತರಕಾರಿಗೆ ಹಾಕುವ ಇಂಥ ಮಾಡನ್ನು ಮಲಯಾಳದಲ್ಲಿ ‘ಮಳಮರ’ ಎನ್ನುತ್ತಾರೆ. ನಮ್ಮ ‘ಮಳೆ’, ‘ಮರೆ’ ಎಂಬ ಎರಡು ಮಾತುಗಳೇ ಅವು. ಕೃಷಿಭವನಕ್ಕೆ ಹೋದಾಗ ಈ ಹೆಸರಿನಿಂದ ಕೇಳಿದರೆ ತಟ್ಟನೆ ತಿಳಿಯುತ್ತದೆ. ನಾವು ಇದನ್ನು ಮಳೆಮರೆ ಎಂದೇ ಕರೆಯೋಣ.

ಮಳೆಮರೆ ಕಟ್ಟುವ ಕ್ರಮ

ಸ್ಥಳ: ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮಳೆಗಾಲದಲ್ಲಿ ಮೋಡದಿಂದಾಗಿ ಬೆಳಕು ಮೊದಲೇ ಕಡಮೆ. ಹಾಳೆ ಅದರಲ್ಲೂ ಒಂದಂಶವನ್ನು ತಡೆಯುತ್ತದೆ. ಆದ್ದರಿಂದ ಕಂಗಿನ ತೋಟದ ನಡುವೆಯಾಗಲಿ, ಹಲಸಿನ ಮರದ ಬುಡದಲ್ಲಾಗಲಿ ಕಟ್ಟಿ ಫಲವಿಲ್ಲ. ಗಾಳಿ ನೇರವಾಗಿ ಬಡಿಯುವ ಪದವಿನ ತುದಿಯೂ ಬೇಡ.

ಅಳತೆ: ಮೊದಲ ವರ್ಷಕ್ಕೆ ೧೦೦ ಚದರ ಮೀಟರ್ ಸಾಕು. ಅದು ಸುಮಾರು ಎರಡೂವರೆ ಸೆಂಟ್ಸ್ ಜಾಗ. ಬದಿಯಲ್ಲಿ ಏಳೆಂಟು ಅಡಿ, ನಡುವೆ ಹನ್ನೊಂದು ಹನ್ನೆರಡು ಅಡಿ ಎತ್ತರವಿರಲಿ. ಎತ್ತರವಾದಷ್ಟು ಬಿಸಿ ಗಾಳಿ ಗಿಡದಿಂದ ದೂರ. ಕಬ್ಬಿಣದ ಪೈಪು ಬಾಳುತ್ತದೆ. ಆದರೆ ಚೆನ್ನಾಗಿ ಬಲಿತ ಅಡಿಕೆ ಮರದ ಸಲಾಕೆ, ಬಿದಿರುಗಳಿಂದಲೂ ಹಂದರ ಮಾಡಬಹುದು. ಕಂಬದ ಬುಡಕ್ಕೆ ಗೆದ್ದಲು ಹತ್ತದಂತೆ ನೋಡಬೇಕು. ಹಾಳೆಗೆ ತಾಗುವ ಕಡೆಗಳಲ್ಲಿ ಸಿಬಿರು, ಮೊನೆ ಇರಬಾರದು.

ಹಾಳೆ: ಅತಿನೇರಳೆ ಕಿರಣಕ್ಕೆ ಬಾಳುವ, ೨೦೦ ಮೈಕ್ರಾನ್ ದಪ್ಪದ ಹಾಳೆಯನ್ನೇ ಕೊಳ್ಳಿ. ಅಂಗಡಿಯಲ್ಲಿ ಯುವಿ ಶೀಟು ಎಂದರೆ ಕೊಡುತ್ತಾರೆ. ಅಗ್ಗವೆಂದು ಸಾದಾ ಹಾಳೆ ತಂದರೆ ಒಂದು ಬೇಸಗೆಯ ಬಿಸಿಲಿಗೆ ಹಪ್ಪಳದಂತೆ ಪುಡಿಯಾಗುತ್ತದೆ. ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಿದ್ದಲ್ಲಿ ನೀರು ನಿಂತು ಹೊಟ್ಟೆ ಬಿಡುತ್ತದೆ. ಗಾಳಿ ಹೊಕ್ಕು ಪಟಪಟನೆ ಬಡಿದು ಹರಿಯುತ್ತದೆ.

ಬದಿಗಳು: ತೆರೆದೇ ಇರಲಿ. ನವಿಲು, ಹಂದಿ, ದನಗಳ ಕಾಟವಿದ್ದಲ್ಲಿ ಅಗಲ ಕಣ್ಣಿನ ಬಲೆ ಕಟ್ಟಬಹುದು. ಇರಚಲು ಹೊಡೆಯುವುದರಿಂದ ಮಾಡಿನ ಅಂಚಿನಿಂದ ಎರಡು ಅಡಿ ಒಳಗೆ ಪಾತಿ ಶುರುವಾಗಲಿ. ಆ ಎರಡು ಅಡಿ ನಡೆದಾಡುವ ದಾರಿಯಾಗುತ್ತದೆ. ಸುತ್ತ ಒಂದು ಅಡಿ ಆಳದ ಕಣಿ ತೆಗೆದು ಮಾಡಿನ ನೀರು ದೂರ ಹೋಗುವಂತೆ ಮಾಡಿ.

ಈ ನೀರಿನ ಲೆಕ್ಕವನ್ನು ಮನೆಯ ಮಕ್ಕಳಿಂದ ಮಾಡಿಸಿ ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿನ ಮೇಲೆ ೩೫೦೦ ಮಿಲಿಮೀಟರ್ ಬಿದ್ದರೆ ಮೂರೂವರೆ ಲಕ್ಷ ಲೀಟರ್! ಇಷ್ಟು ನೀರನ್ನು ಎಲ್ಲೆಂದರಲ್ಲಿ ಬಿಟ್ಟರೆ ಕೆಳಗಿನ ಗದ್ದೆಯ ಬದು ಕೊಚ್ಚಿಹೋದೀತು. ಇಂಗುಗುಂಡಿಗೋ ಕೆರೆಗೋ ಹರಿಸಿದರೆ ಬೇಸಗೆಗೆ ಒದಗೀತು.

ಮಣ್ಣು ಮತ್ತು ನೀರು

ನಮ್ಮದು ಮುರಕಲ್ಲಿನ ನಾಡು, ಮಣ್ಣು ಹುಳಿ. ಬಿತ್ತುವ ಹದಿನೈದು ದಿನ ಮೊದಲು ಸೆಂಟ್ಸಿಗೆ ಎರಡು ಮೂರು ಕಿಲೋ ಸುಣ್ಣ ಬೆರೆಸಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಲ್ಲಿ ಹೇಳಿದಷ್ಟೇ ಹಾಕಿ. ಆ ಬಳಿಕ ಸೆಂಟ್ಸಿಗೆ ನೂರು ಕಿಲೋದಂತೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸೇರಿಸಿ ಒಂದು ಅಡಿ ಎತ್ತರದ ಏರಿ ಮಾಡಿ. ಹಿರಿಯರ ಸುಡುಮಣ್ಣಿನ ಪದ್ಧತಿ ಇದ್ದವರು ಅದನ್ನೂ ಬಳಸಬಹುದು.

ಹೊರಗೆ ಧಾರಾಕಾರ ಮಳೆ ಸುರಿಯುವಾಗ ಒಳಗಿನ ಗಿಡಕ್ಕೆ ನೀರು ಹಾಕಬೇಕೆಂದರೆ ನೋಡಿದವರು ನಕ್ಕಾರು. ಆದರೆ ಹಾಕಲೇಬೇಕು. ಹನಿ ನೀರಾವರಿ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ಬುಡಕ್ಕೆ ಚೊಂಬಿನಿಂದ ಹಾಕಿದರೂ ಸಾಕು. ಎಲೆಯ ಮೇಲೆ ಮಾತ್ರ ಎರಚಬಾರದು. ಎರಚಿದರೆ ಮಾಡು ಹಾಕಿದ ಉದ್ದೇಶವೇ ಕೆಟ್ಟಂತೆ.

ಯಾವುದನ್ನು ಬೆಳೆಯಬಹುದು?

ಬೇಗ ಕೈಗೆ ಬರುವ, ಮಳೆಗೆ ಬೇಗ ಕೆಡುವ, ಆ ಕಾಲದಲ್ಲಿ ಕ್ರಯವಿರುವ ತರಕಾರಿಗಳನ್ನು ಆರಿಸಿಕೊಳ್ಳಿ. ಹರಿವೆ ಇಪ್ಪತ್ತೈದು ಮೂವತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ. ‘ಅರುಣ್’ ಎಂಬ ಕೆಂಪು ತಳಿಯ ನಡುನಡುವೆ ‘ಕೋ-೧’ ಎಂಬ ಹಸುರು ತಳಿಯನ್ನು ಬೆರೆಸಿ ಬಿತ್ತಿದರೆ ಎಲೆಮಚ್ಚೆ ರೋಗ ಅಷ್ಟು ಹರಡುವುದಿಲ್ಲ. ಹಸುರಿನದು ಆ ರೋಗವನ್ನು ತಾಳಿಕೊಳ್ಳುತ್ತದೆ. ಚಪ್ಪರದ ಅಲಸಂಡೆಗೆ ‘ಲೋಲ’, ‘ವೆಳ್ಳಾಯಣಿ ಜ್ಯೋತಿಕ’ ತಳಿಗಳಿವೆ. ಬಿತ್ತಿದ ಐವತ್ತು ದಿನಗಳ ಹೊತ್ತಿಗೆ ಕೊಯ್ಯಬಹುದು. ಬೆಂಡೆಯಲ್ಲಿ ‘ಅರ್ಕಾ ಅನಾಮಿಕ’ ಹಳದಿ ನಂಜನ್ನು ತಡೆಯುವಂಥದು.

ಬದನೆ, ಟೊಮೆಟೊ, ಮೆಣಸು ಈ ಮೂರಕ್ಕೂ ನಮ್ಮ ಹುಳಿಮಣ್ಣಿನಲ್ಲಿ ಸೊರಗುರೋಗದ ಕಾಟ. ನಿಂತ ಗಿಡ ಹಸುರಿರುವಾಗಲೇ ಬಾಡಿ ಬೀಳುವುದೇ ಈ ರೋಗ. ಇದು ಮಣ್ಣಿನಿಂದ ಬರುವುದರಿಂದ ಮಾಡು ಇದನ್ನು ತಡೆಯಲಾರದು, ತಳಿಯೇ ತಡೆಯಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ತಳಿಗಳಲ್ಲಿ ಬದನೆಗೆ ‘ಸೂರ್ಯ’, ‘ಹರಿತ’, ಟೊಮೆಟೊಗೆ ‘ಶಕ್ತಿ’, ‘ಅನಘ’, ಮೆಣಸಿಗೆ ‘ಉಜ್ವಲ’, ‘ಅನುಗ್ರಹ’ ಇವು ಸೊರಗುರೋಗವನ್ನು ತಡೆದುಕೊಳ್ಳುತ್ತವೆ. ಒಂದೇ ಪಾತಿಯಲ್ಲಿ ಈ ಮೂರರ ಪೈಕಿ ಒಂದಾದ ಮೇಲೆ ಇನ್ನೊಂದನ್ನು ಹಾಕಬೇಡಿ. ಎಲ್ಲ ಒಂದೇ ಕುಲದವು. ನಡುವೆ ಅಲಸಂಡೆಯನ್ನೋ ಹರಿವೆಯನ್ನೋ ಬೆಳೆಯಿರಿ.

ಮುಳ್ಳುಸೌತೆಗೆ ಜೇನುನೊಣ ಬೇಕು. ಬದಿ ತೆರೆದಿದ್ದರೆ ಹೊಳವಾದಾಗ ನೊಣ ಬರುತ್ತದೆ. ಹತ್ತಿರ ಮುಜಂಟಿ ಜೇನಿನ ಗೂಡು ಇಟ್ಟರೆ ಇನ್ನೂ ಒಳ್ಳೆಯದು. ಸುತ್ತಲೂ ಸಣ್ಣ ಕಣ್ಣಿನ ಬಲೆಯಿಂದ ಮುಚ್ಚಿದ ಮನೆಯಲ್ಲಿ ನೊಣ ಬಾರದು. ಅಲ್ಲಿ ಪರಾಗವಿಲ್ಲದೆ ಕಾಯಿ ಕಟ್ಟುವ ವಿಶೇಷ ತಳಿಯೇ ಬೇಕು. ಅದರ ಬೀಜಕ್ಕೆ ಕ್ರಯ ಹೆಚ್ಚು.

ಬಿತ್ತುವ ದಿನವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿ. ಅಷ್ಟಮಿ, ಚೌತಿ, ಓಣಂ ಇವು ನಮ್ಮಲ್ಲಿ ತರಕಾರಿಗೆ ಗಿರಾಕಿ ಹೆಚ್ಚುವ ದಿನಗಳು. ಓಣಂಗೆ ಅಲಸಂಡೆ ಬೇಕೆಂದರೆ ಅದಕ್ಕೆ ಎರಡು ತಿಂಗಳ ಮೊದಲು ಬೀಜ ನೆಲದಲ್ಲಿರಬೇಕು. ಹಾಲೆಂಡಿನವನು ಶೀತದ ಕೋಣೆಯಿಂದ ಸಸಿ ತೆಗೆಯುವುದೂ ಇದೇ ಎಣಿಕೆಯಿಂದ. ಅವನಿಂದ ನಾವು ಕಲಿಯಬೇಕಾದುದು ಗಾಜಿನ ಕೆಲಸವನ್ನಲ್ಲ, ಈ ಎಣಿಕೆಯನ್ನು.

ಮಾಡಿನ ಕೆಳಗಿನ ಕೇಡುಗಳು

ಮಾಡು ಹಾಕಿದ ಮಾತ್ರಕ್ಕೆ ಎಲ್ಲವೂ ಶುಭವೆಂದು ತಿಳಿಯಬಾರದು. ಮಳೆ ತೊಳೆಯದ ಕಾರಣ ಎಲೆಯಡಿಯಲ್ಲಿ ಹೇನು, ನುಸಿ, ಬಿಳಿನೊಣಗಳು ಹೆಚ್ಚುತ್ತವೆ. ವಾರಕ್ಕೆ ಎರಡು ಸಲ ಎಲೆ ಮಗುಚಿ ನೋಡಬೇಕು. ಆರಂಭದಲ್ಲೇ ಕಂಡರೆ ಬೇವಿನೆಣ್ಣೆ-ಸಾಬೂನಿನ ನೀರು ಸಾಕಾಗುತ್ತದೆ. ರಾತ್ರಿ ಬಸವನಹುಳು ಬರುತ್ತದೆ. ದೀಪ ಹಿಡಿದು ಹೆಕ್ಕಬೇಕು.

ವಿಷದ ಮದ್ದಿನ ವಿಚಾರದಲ್ಲಿ ಇನ್ನೂ ಜಾಗ್ರತೆ ಬೇಕು. ಬಯಲಿನಲ್ಲಿ ಸಿಂಪಡಿಸಿದ್ದರಲ್ಲಿ ಸ್ವಲ್ಪವನ್ನಾದರೂ ಮಳೆ ತೊಳೆಯುತ್ತದೆ. ಮಾಡಿನ ಕೆಳಗೆ ಸಿಂಪಡಿಸಿದ್ದು ಎಲೆಯಲ್ಲಿ, ಕಾಯಿಯಲ್ಲಿ ಹಾಗೆಯೇ ನಿಲ್ಲುತ್ತದೆ. ದಿನ ಬಿಟ್ಟು ದಿನ ಕೊಯ್ಯುವ ಅಲಸಂಡೆಯ ಮೂಲಕ ನೇರವಾಗಿ ತಟ್ಟೆಗೆ ಬರುತ್ತದೆ. ೨೦೦೦ದ ತನಕ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದುದರ ಫಲವನ್ನು ಎಣ್ಮಕಜೆ ಮೊದಲಾದ ನಮ್ಮ ಗ್ರಾಮಗಳು ಇಂದಿಗೂ ಉಣ್ಣುತ್ತಿವೆ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಈ ಜಿಲ್ಲೆಯವರಿಗೆ ವಿಷದ ಪಾಠವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಇನ್ನೊಂದು ಕೇಡು ಕಣ್ಣಿಗೆ ಬೇಗ ಕಾಣುವುದಿಲ್ಲ. ಮಳೆ ಬೀಳದ ಮಣ್ಣಿನಲ್ಲಿ ಗೊಬ್ಬರದ ಲವಣಗಳು ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತವೆ. ಅದಕ್ಕಾಗಿ ಹಾಳೆ ಬದಲಿಸುವ ವರ್ಷ ಮಳೆಯ ಕೆಲವು ದಿನ ಮಣ್ಣನ್ನು ಬಯಲಿಗೆ ಬಿಟ್ಟು ತೊಳೆಯಲು ಬಿಡಿ. ಹಾಳೆಯ ಮೇಲೆ ಹಸುರು ಪಾಚಿ ಕಟ್ಟಿದರೆ ಬೆಳಕು ಕುಂದುತ್ತದೆ; ಮೆತ್ತನೆಯ ಬಟ್ಟೆ ಕಟ್ಟಿದ ಕೋಲಿನಿಂದ ಒರೆಸಿ. ಬೇಸಗೆಯಲ್ಲಿ ಒಳಗೆ ಸೆಕೆ ಮೀರಿದರೆ ಹಾಳೆಯನ್ನು ಬಿಚ್ಚಿ ಸುತ್ತಿ ಇಲಿ ತಾಗದಲ್ಲಿ ಇಡಿ. ಅದರ ಆಯುಷ್ಯವೂ ಹೆಚ್ಚೀತು. ಹಳೆಯ ಹಾಳೆಯನ್ನು ಸುಡಬೇಡಿ, ಗುಜರಿಗೆ ಕೊಡಿ.

ಲೆಕ್ಕದ ಪುಸ್ತಕ

ಇನ್ನು ಹಣದ ಮಾತು. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತಿಳಿಸಲು ಹಿಡಿದವು, ಇಂದಿನ ಕ್ರಯಗಳಲ್ಲ. ಹಂದರಕ್ಕೆ ೬೦,೦೦೦ ರೂಪಾಯಿ ಬಿದ್ದು ಅದು ಹತ್ತು ವರ್ಷ ಬಾಳುವುದೆಂದು ಇಟ್ಟುಕೊಳ್ಳಿ. ವರ್ಷಕ್ಕೆ ೬,೦೦೦ ಆಯಿತು. ಹಾಳೆಗೆ ೧೨,೦೦೦ ಬಿದ್ದು ಮೂರು ವರ್ಷ ಬಾಳಿದರೆ ವರ್ಷಕ್ಕೆ ೪,೦೦೦. ಒಟ್ಟು ೧೦,೦೦೦. ಇದಕ್ಕೆ ಸಾಲದ ಬಡ್ಡಿ, ಬೀಜ, ಗೊಬ್ಬರ, ಮನೆಯವರ ದುಡಿಮೆಯ ಕೂಲಿ ಸೇರಿಸಿ. ಕಿಲೋಗೆ ೫೦ ರೂಪಾಯಿ ಸಿಗುವ ತರಕಾರಿಯಾದರೆ ಮೊದಲ ೨೦೦ ಕಿಲೋ ಮಾಡಿನ ಖರ್ಚಿಗೇ ಸಂದುಹೋಯಿತು! ಅದರ ಮೇಲೆ ಬೆಳೆದುದರಲ್ಲಿ ಉಳಿದ ಖರ್ಚುಗಳು. ಅದಕ್ಕೂ ಮೇಲಿನದು ಲಾಭ.

ಸಹಾಯಧನವಿದೆ ಎಂಬುದೊಂದೇ ಕಾರಣದಿಂದ ದೊಡ್ಡ ಮನೆ ಕಟ್ಟಬಾರದು. ಸಹಾಯಧನ ಕಟ್ಟುವ ದಿನಕ್ಕೆ ಒದಗುತ್ತದೆ. ಹಾಳೆ ಹರಿದ ದಿನಕ್ಕಲ್ಲ. ಕೃಷಿಭವನದಲ್ಲಿ ಈ ವರ್ಷ ಎಷ್ಟು ಕೊಡುತ್ತಾರೆ, ಯಾವ ಅಳತೆಗೆ, ಕೆಲಸಕ್ಕೆ ಮೊದಲೋ ಮುಗಿದ ಮೇಲೋ ಎಂಬುದನ್ನು ವಿಚಾರಿಸಿ. ಅರ್ಜಿಯೂ ಕರಾರೂ ಮಲಯಾಳದಲ್ಲಿದ್ದರೆ ಓದಬಲ್ಲವರಿಂದ ಪೂರ್ತಿ ಓದಿಸಿ, ಅರ್ಥ ಕೇಳಿ, ಆಮೇಲೆ ಸಹಿ ಹಾಕಿ. ‘ಎಲ್ಲರೂ ಹಾಕಿದರು, ನಾನೂ ಹಾಕಿದೆ’ ಎಂಬುದು ಸಾಲದ ವಿಷಯದಲ್ಲಿ ಸಲ್ಲದು. ತಾಂತ್ರಿಕ ಸಂದೇಹಗಳಿಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವೂ, ಪಿಲಿಕ್ಕೋಡಿನ ಸಂಶೋಧನಾ ಕೇಂದ್ರವೂ, ಪಡನ್ನಕ್ಕಾಡಿನ ಕೃಷಿ ಕಾಲೇಜೂ ಜಿಲ್ಲೆಯೊಳಗೇ ಇವೆ.

ಮಾಡಿ ನೋಡಿ

ಶಾಲೆಯ ಮಕ್ಕಳಿರುವ ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಬಹುದು. ಒಂದೇ ಅಳತೆಯ ಎರಡು ಗಾಜಿನ ಭರಣಿಗಳಲ್ಲಿ ತಲಾ ಎರಡು ಹಿಡಿ ಒಣಮಣ್ಣು ಹಾಕಿ ಅಂಗಳದ ಬಿಸಿಲಿನಲ್ಲಿಡಿ. ಒಂದರ ಬಾಯಿ ಮುಚ್ಚಿ, ಇನ್ನೊಂದನ್ನು ತೆರೆದಿಡಿ. ಅರ್ಧ ಗಂಟೆಯ ಬಳಿಕ ಎರಡರೊಳಗೂ ಉಷ್ಣಮಾಪಕ ಇಳಿಸಿ ಓದಿ. ಅಂಕಿಗಳನ್ನು ಗೋಡೆಯ ಮೇಲೆ ಬರೆದಿಡಿ. ಬಿಸಿಲು ಒಂದೇ, ಗಾಜು ಒಂದೇ, ಮಣ್ಣು ಒಂದೇ. ಭೇದ ಬಾಯಿಯದು ಮಾತ್ರ.

ಮನೆ ಕಟ್ಟಿಕೊಡುತ್ತೇವೆಂದು ಬಂದವರನ್ನು ಕೂರಿಸಿ ಈ ಐದು ಪ್ರಶ್ನೆಗಳನ್ನು ಕೇಳಿ:

೧. ಬಿಸಿ ಗಾಳಿ ಹೊರಗೆ ಹೋಗುವ ದಾರಿ ಯಾವುದು?
೨. ಮಾಡಿನ ಮೇಲೆ ಬಿದ್ದ ಲಕ್ಷಾಂತರ ಲೀಟರ್ ನೀರು ಎಲ್ಲಿಗೆ ಹೋಗುತ್ತದೆ?
೩. ಹಾಳೆ ಎಷ್ಟು ವರ್ಷ ಬಾಳುತ್ತದೆ? ಬದಲಿಸುವ ಖರ್ಚು ಯಾರದು?
೪. ಕಾಯಿ ಕಟ್ಟಲು ನೊಣ ಬೇಕೇ? ಬೇಕಾದರೆ ಅದು ಒಳಗೆ ಬರುವುದು ಹೇಗೆ?
೫. ಬೆಳೆದುದನ್ನು ಯಾವ ತಿಂಗಳು, ಯಾವ ಪೇಟೆಯಲ್ಲಿ ಮಾರುವುದು?

ಐದಕ್ಕೂ ಸರಿಯಾದ ಉತ್ತರ ದೊರೆತರೆ ಕಟ್ಟಿ. ಒಂದಕ್ಕೆ ತಡವರಿಸಿದರೂ ತೋಟದ ಪತ್ರ ಪೆಟ್ಟಿಗೆಯಲ್ಲೇ ಇರಲಿ. ಬರುವ ಮಳೆಗಾಲಕ್ಕೆ ಎರಡೂವರೆ ಸೆಂಟ್ಸಿನ ಒಂದು ಗೊರಬಿನಿಂದ ಆರಂಭಿಸಿದರೆ ಮನೆಯ ಆಟಿಯ ಪಲ್ಯಕ್ಕಾದರೂ ಕೊರತೆಯಾಗದು. ಮಿಕ್ಕಿದ್ದು ಪೇಟೆಗೆ ಹೋದೀತು.